ತಿಳಿ ಗುಲಾಬಿ ಬಂದಾಗ

ಫ್ಲಾಸ್ಕಿನ ನೀರು ತಿಳಿ ಗುಲಾಬಿಗೆ ತಿರುಗಿತು. ‘ಸಾಕವ್ವಾ, ನಿಲ್ಲಿಸು’ ಎಂದು ವಿದ್ಯಾವತಿ ಮನಸ್ಸಿನಲ್ಲೇ ಕೂಗಿಕೊಂಡಳು. ನಿರ್ಮಲಾ ನಿಲ್ಲಿಸಲಿಲ್ಲ. ಮೇಲಿನ ಗಾಜಿನ ಕೊಳವೆಯಿಂದ ಕ್ಷಾರ ಹನಿ ಹನಿಯಾಗಿ ಇಳಿಯುತ್ತಲೇ ಇತ್ತು. ಬಣ್ಣ ಕಡುವಾಯಿತು. ಅದೂ ಸಾಲದೆಂಬಂತೆ ಹುಡುಗಿ ಇನ್ನಷ್ಟು ಬಿಟ್ಟು, ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೊಳವೆಯ ನಲ್ಲಿ ಮುಚ್ಚಿದಳು. ಮುಖದ ತುಂಬ ನಗು.

ಬಬಲೇಶ್ವರದ ಆ ಕಾಲೇಜಿನಲ್ಲಿ ಅವತ್ತು ಎಂಟು ಮಂದಿ ಬಿ.ಎಸ್ಸಿ. ಹುಡುಗರ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಪಾಠ ಮಾಡಿದವಳು ವಿದ್ಯಾವತಿಯೇ. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಆಕೆ ಬಾಯಿ ಬಿಡುವಂತಿಲ್ಲ. ಹೊರಗಿನಿಂದ ಬಂದ ಪರೀಕ್ಷಕ ಚಂದ್ರಕಾಂತ ಸರ್ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಆಮ್ಲಕ್ಕೆ ಕ್ಷಾರ ಹನಿಸುತ್ತ ಹೋಗಿ, ಬಣ್ಣ ಬಂದೂ ಬಾರದಂತೆ ಮೂಡಿದ ಆ ಒಂದು ಹನಿಗೆ ನಿಲ್ಲಿಸಿ, ಎಷ್ಟು ಕ್ಷಾರ ಇಳಿಯಿತೆಂದು ಬರೆಯಬೇಕು. ಇಷ್ಟೇ ಕೆಲಸ, ಆದರೆ ಕಣ್ಣಿಗೂ ಕೈಗೂ ಒಗ್ಗಿರಬೇಕು. ಲಾಕ್‌ಡೌನ್ ಬಂದು ಲ್ಯಾಬಿಗೆ ಬೀಗ ಬಿದ್ದ ಮೇಲೆ ಈ ಹುಡುಗರು ಕೊಳವೆ ಮುಟ್ಟಿದ್ದೇ ಇವತ್ತು. ದಂಡೆಯ ಮೇಲೆ ಕೂತು ಈಜು ಕಲಿತವರನ್ನು ಸೀದಾ ಬಾವಿಗೆ ನೂಕಿದ ಹಾಗೆ.

ಮುಂದಿನ ಟೇಬಲ್ಲಿನ ಸಂಗುವಿನ ಫ್ಲಾಸ್ಕೂ ಕಡು ಬಣ್ಣ. ಆರತಿಯದೂ ಅದೇ. ಎಂಟಕ್ಕೆ ಎಂಟೂ.

ಅಯ್ಯೋ, ಇದು ತನ್ನದೇ ವಿಡಿಯೋ! ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಬಾಡಿಗೆ ಮನೆಯಲ್ಲಿ, ಅಡುಗೆ ಕಟ್ಟೆಯ ಮೇಲೆ ಕೊಳವೆಯ ಸ್ಟ್ಯಾಂಡ್ ನಿಲ್ಲಿಸಿ, ಉಪ್ಪಿನ ಡಬ್ಬಿಗೆ ಮೊಬೈಲ್ ಆನಿಸಿ ಆನ್‌ಲೈನಿನಲ್ಲಿ ಈ ಪಾಠ ಮಾಡಿದ್ದಳು. ಅವತ್ತು ತಿಳಿ ಗುಲಾಬಿ ಬಂದಾಗ ಸರಿಯಾಗಿಯೇ ನಿಲ್ಲಿಸಿದ್ದಳು.

“ಏನೂ ಕಾಣವಲ್ದ್ರಿ ಮೇಡಂ. ಬರೇ ನೀರ ಕಂಡಂಗ ಆಗತೈತ್ರಿ,” ಎಂದಿದ್ದ ಸಂಗು.

ಅಂಗೈಯಗಲದ ಪರದೆ, ಬಡಕಲು ನೆಟ್‌ವರ್ಕು. ಪಾಪ, ಏನು ಕಂಡೀತು? ಕಾಣಲಿ ಎಂದು ಇನ್ನಷ್ಟು ಬಿಟ್ಟಿದ್ದಳು.

“ಈಗ?”

“ಈಗ ಓಕಳಿ ಆತ್ರಿ!” ನಿರ್ಮಲಾ ಕೂಗಿದ್ದಳು.

ಎಲ್ಲರೂ ನಕ್ಕಿದ್ದರು, ಈಕೆಯೂ ನಕ್ಕಿದ್ದಳು. ‘ಖರೆ ಅಂದ್ರ ಇಷ್ಟು ಬಿಡಬಾರದು’ ಎಂದು ಆಮೇಲೆ ಹೇಳಿದ್ದೂ ಹೌದು. ಅಷ್ಟರಲ್ಲಿ ಅರ್ಧ ಹೆಸರುಗಳು ಪರದೆಯಿಂದ ಮಾಯವಾಗಿದ್ದವು. ಹುಡುಗರು ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡ ವಿಡಿಯೋ ಓಕಳಿಗೇ ಮುಗಿಯುತ್ತಿತ್ತು.

ಅದರಲ್ಲೂ ನಿರ್ಮಲಾ! ತಿಕೋಟಾ ಕಡೆಯ ಕುರಿಗಾರರ ಮನೆಯವಳು, ಒಂದು ಕ್ಲಾಸೂ ತಪ್ಪಿಸಿರಲಿಲ್ಲ. ನೆಟ್‌ವರ್ಕ್ ಸಿಗುವ ದಿಬ್ಬಕ್ಕೇ ಕುರಿ ಹೊಡೆದುಕೊಂಡು ಹೋಗಿ ಪಾಠ ಕೇಳಿದ್ದಳು. ಪ್ರಶ್ನೆ ಕೇಳಿದರೆ ಮೊದಲು ಕುರಿಗಳೇ ಉತ್ತರ ಕೊಡುತ್ತಿದ್ದವು. ಈ ಸಲ ಒಂದು ವಿಷಯ ಬಿದ್ದರೂ ಕಾಲೇಜು ಬಂದ್ ಎಂದು ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ವಿದ್ಯಾವತಿ ಪರೀಕ್ಷಕರ ಹತ್ತಿರ ಹೋಗಿ ದನಿ ತಗ್ಗಿಸಿದಳು. “ಸರ್, ಎಂಟೂ ಮಂದೀದು ಒಂದ ತಪ್ಪೈತ್ರಿ. ಅದು ಅವರದಲ್ಲ, ನಂದು. ವಿಡಿಯೋದಾಗ ನಾನ ಹಂಗ ತೋರ್ಸೀನಿ. ಇನ್ನೊಮ್ಮೆ ಮಾಡಾಕ ಬಿಡ್ರಿ.”

ಚಂದ್ರಕಾಂತ ಸರ್ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ನಿರ್ಮಲಾಳ ಹಾಳೆ ಎತ್ತಿಕೊಂಡರು. “ಹೋದ ವಾರ ಇನ್ನೊಂದು ಕಾಲೇಜಿನ್ಯಾಗ ನಲ್ಲಿ ಯಾವ ಕಡೆ ತಿರುವೂದಂತ ಹುಡುಗರು ನನ್ನ ಕೇಳಿದ್ರು ಮೇಡಂ. ನಾ ಏನ ಮಾಡ್ಲಿ ಹೇಳ್ರಿ? ಅರ್ಧಕ್ಕಿಂತ ಹೆಚ್ಚು ಮಾರ್ಕ್ಸ್ ಅಳತೀಗೇ ಅದಾವ. ಹನ್ನೊಂದು ಮಿಲಿಲೀಟರ್ ಬರಬೇಕಾದಲ್ಲಿ ಈ ಹುಡುಗಿ ಹದಿನಾರು ಬರದಾಳ. ಹದಿನಾರನ್ನ ಹನ್ನೊಂದಂತ ಹ್ಯಾಂಗ ಓದ್ಲಿ? ವ್ಯಾಳ್ಯಾನೂ ಮುಗೀತು.”

ಹೊರಗೆ ಗಂಟೆ ಹೊಡೆಯಿತು.

ನಿರ್ಮಲಾ ಕೈ ತೊಳೆದು ಬಂದವಳೇ ಬಗ್ಗಿ ಕಾಲು ಮುಟ್ಟಿದಳು. “ನಿಮ್ಮ ವಿಡಿಯೋ ನೂರ ಸಲ ನೋಡೀನ್ರಿ ಮೇಡಂ. ನೀವು ತೋರ್ಸಿದ್ದಕ್ಕ ಕೂದಲೆಳಿಯಷ್ಟೂ ಫರಕ್ ಆಗಿಲ್ಲ. ಪಾಸ್ ಆಕ್ಕೀನಲ್ರಿ?”

ವಿದ್ಯಾವತಿ ಅವಳ ಬೆನ್ನು ಸವರಿದಳು. ಬಾಯಿಗೆ ಬಂದದ್ದು ಇಷ್ಟೇ: “ಬಸ್ ತಪ್ಪೀತು, ಹೋಗವ್ವಾ.”

ಎಂಟೂ ಜನ ಹೊರಗೆ ಹೋದ ಮೇಲೆ ಚಂದ್ರಕಾಂತ ಸರ್ ಅಂಕಪಟ್ಟಿಯನ್ನು ಮೆಲ್ಲಗೆ ಮುಂದೆ ಸರಿಸಿದರು. ಎಂಟೂ ಹೆಸರುಗಳ ಮುಂದೆ ‘ಫೇಲ್’ ಎಂದಿತ್ತು; ಕೆಳಗೆ ಅವರ ಸಹಿ ಆಗಿತ್ತು. ಪಕ್ಕದಲ್ಲಿ ಪಾಠ ಮಾಡಿದವರ ಸಹಿಯ ಜಾಗ ಖಾಲಿಯಿತ್ತು. ಕಿಟಕಿಯಾಚೆ ಬೇವಿನ ಗಿಡದ ಬುಡದಲ್ಲಿ ನಿರ್ಮಲಾ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು.

“ಭಾಳ ಛಲೋ ಆತ ಯಪ್ಪಾ! ಹೂಂ, ಎಲ್ಲಾ ಬರೋಬ್ಬರಿ ಬಂತು. ಅಯ್ಯ, ಮೇಡಮ್ಮಾರು ನನ್ನ ಬಾಜೂಕ ನಿಂತಿದ್ರು. ತಪ್ಪಾಗಿದ್ರ ಅವರು ಹೇಳ್ತಿರ್ಲಿಲ್ಲೇನು?”

ವಿದ್ಯಾವತಿ ಪೆನ್ನಿನ ಟೊಪ್ಪಿಗೆ ತೆಗೆದು ಆ ಖಾಲಿ ಜಾಗದ ಮೇಲೆ ಬಗ್ಗಿದಳು.