ಅತ್ತೆ ಹೇಳಿದ ಮಸುಕು

ನನ್ನ ಅತ್ತೆ ಶಿವಲಿಂಗವ್ವನವರು ಹುಬ್ಬಳ್ಳಿಯಿಂದ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅದು 2007ರ ಮೇ ತಿಂಗಳು. ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದವರು ಚಹಾ ಮುಟ್ಟದೆ ಕೂತರು. ಕೇಳಿದರೆ, ತಮ್ಮ ಲಿಂಗದ ಕಂತಿ ಬೆಳ್ಳಗಾಗುತ್ತಿದೆ ಎಂದರು. ಕಂತಿ ಎಂದರೆ ಇಷ್ಟಲಿಂಗದ ಮೇಲಿನ ಕರಿಯ ಲೇಪ. ಐವತ್ತು ವರ್ಷ ಅಂಗೈಯಲ್ಲಿಟ್ಟುಕೊಂಡು ಎವೆಯಿಕ್ಕದೆ ನೋಡಿದವರು, ಅವರ ಮಾತನ್ನು ಅನುಮಾನಿಸುವವರು ಯಾರು?

ಇನ್ನೊಬ್ಬರ ಲಿಂಗವನ್ನು ನಾವು ಮುಟ್ಟುವುದಿಲ್ಲ, ಇಣುಕಿ ನೋಡುವುದೂ ಇಲ್ಲ. ಹಾಗಾಗಿ ನಾನು ನೋಡಲಿಲ್ಲ, ನನ್ನ ಗಂಡ ಸಂಕೇತನೂ ನೋಡಲಿಲ್ಲ. ಇಲ್ಲಿನ ಥಂಡಿಗೆ ಹಾಗಾಗಿರಬೇಕು ಎಂದು ಅವನು ಇಂಜಿನಿಯರಿನ ಗತ್ತಿನಲ್ಲಿ ತೀರ್ಪು ಕೊಟ್ಟ. ನಾನೇನು ಅವನಿಗಿಂತ ಜಾಣೆಯೇ? ಸಿಡ್ನಿಯ ಗಿರಾವೀನ್‌ನಲ್ಲಿ ಚನ್ನಬಸಯ್ಯ ಎಂಬ ಜಂಗಮರಿದ್ದಾರೆ, ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಹೋಗಿ ಹೊಸ ಕಂತಿ ಹಾಕಿಸೋಣ ಎಂದೆ. ಅದಕ್ಕೆ ಇನ್ನೂ ಮೂರು ವಾರ ಇತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.

ಆ ಮೂರು ವಾರದಲ್ಲಿ ಅತ್ತೆ ಅರ್ಧ ಆದರು. ವಿಮಾನದಲ್ಲಿ ಒಂದು ಹೊತ್ತಿನ ಪೂಜೆ ತಪ್ಪಿತ್ತು, ಅದಕ್ಕೇ ಲಿಂಗ ಮುನಿದಿದೆ ಎಂದು ಅವರ ಲೆಕ್ಕ. ಪೂಜೆಯ ಹೊತ್ತು ಎರಡರಷ್ಟಾಯಿತು. ಚಹಾದ ಬಟ್ಟಲನ್ನು ಮೇಜಿನ ಅಂಚಿನಾಚೆ ಇಟ್ಟು ಒಡೆದರು, ಮೆಟ್ಟಿಲಲ್ಲಿ ಎರಡು ಸಲ ಎಡವಿದರು. ಚಿಂತೆ ಮಾಡಿ ಮಾಡಿ ಹೀಗಾಗುತ್ತಿದೆ ಎಂದು ನಾನು ಗೊಣಗಿದೆ.

ಶನಿವಾರ ಸಿಡ್ನಿಯಲ್ಲಿ ಚನ್ನಬಸಯ್ಯನವರು ನಮಗೆ ಬೆನ್ನು ಮಾಡಿ, ಲಿಂಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಂತಿ ಕಾಡಿಗೆಯ ಹಾಗೆ ಕಪ್ಪಗಿದೆ, ಏನೂ ಆಗಿಲ್ಲ ಎಂದರು. ಅತ್ತೆ ನಂಬಲಿಲ್ಲ. ಅಯ್ಯನವರು ತಮ್ಮ ಮುಖವನ್ನು ಬೆಳಕಿಗೆ ತಿರುಗಿಸಿ ಕೇಳಿದರು.

“ಅವ್ವಾರ, ನನ್ನ ಮಾರಿ ಹೆಂಗ ಕಾಣತೈತ್ರಿ?”

“ಮಾರಿ ತುಂಬ ವಿಭೂತಿ ಬಡಕೊಂಡಂಗ ಕಾಣತೈತ್ರಿ, ಅಯ್ಯಾರ.”

ಅಯ್ಯನವರು ವಿಭೂತಿ ಹಚ್ಚಿಕೊಂಡಿದ್ದು ಹಣೆಗೆ ಮಾತ್ರ.

ಅದೇ ಮಧ್ಯಾಹ್ನ ಕಣ್ಣಿನ ಆಸ್ಪತ್ರೆಗೆ ಓಡಿದೆವು. ಯಂತ್ರದ ಮೇಲೆ ಗಲ್ಲ ಊರಿಸಿ ನೋಡಿದ ಡಾಕ್ಟರಮ್ಮ, ಎರಡೂ ಕಣ್ಣಿನ ಒಳಗೆ ಉರಿಯೂತವಾಗಿದೆ, ಎಡಗಣ್ಣಿಗೆ ಹೆಚ್ಚು ಎಂದರು. ಅದರ ಹೆಸರು ಯೂವಿಯೈಟಿಸ್. ನೋವಿಲ್ಲದೆ, ಕಣ್ಣು ಕೆಂಪೂ ಆಗದೆ, ಒಳಗೊಳಗೇ ದೃಷ್ಟಿ ತಿನ್ನಬಹುದಂತೆ. ಯಾವ ಸೋಂಕೂ ಇಲ್ಲದಿದ್ದರೆ, ಮೈಯ ರಕ್ಷಣೆಗಿರುವ ಶಕ್ತಿಯೇ ದಾರಿ ತಪ್ಪಿ ತನ್ನ ಕಣ್ಣಿನ ಮೇಲೆ ತಿರುಗಿಬಿದ್ದಿದೆ ಎಂದರ್ಥ. ಸ್ಟೀರಾಯ್ಡ್ ಮಾತ್ರೆ ಅದನ್ನು ತಣಿಸುತ್ತದೆ. ಆದರೆ ಈ ಉರಿಯೂತದ ಹಿಂದೆ ಕ್ಷಯ ಅಡಗಿದ್ದರೆ ಅದೇ ಮಾತ್ರೆ ಅದನ್ನು ಕೆರಳಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿದರು. ತೀರಿಕೊಂಡ ನಮ್ಮ ಮಾವನವರಿಗಿತ್ತು. ಅವರ ಆರೈಕೆಯನ್ನೆಲ್ಲ ಅತ್ತೆಯೇ ಮಾಡಿದ್ದರು.

ಎದೆಯ ಎಕ್ಸ್‌ರೇ ತೆಗೆದರು, ರಕ್ತ ತೆಗೆದುಕೊಂಡರು, ಮುಂಗೈ ಚರ್ಮಕ್ಕೆ ಒಂದು ಸಣ್ಣ ಸೂಜಿ ಚುಚ್ಚಿದರು. ಮೂರು ದಿನದಲ್ಲಿ ಅಲ್ಲಿ ಗಟ್ಟಿಯಾಗಿ ಉಬ್ಬಿದರೆ ಕ್ಷಯದ ಅನುಮಾನ. ಅಲ್ಲಿಯವರೆಗೆ ಗಂಟೆಗೊಮ್ಮೆ ಕಣ್ಣಿಗೆ ಹನಿ ಮಾತ್ರ.

ಅಯ್ಯನವರ ಮನೆಯಲ್ಲೇ ಉಳಿದೆವು. ಹನಿ ಹಾಕುವ ನೆಪದಲ್ಲಿ ಗಂಟೆಗೊಮ್ಮೆ ಅವರ ಮುಂಗೈ ನೋಡುತ್ತಿದ್ದೆ. ಭಾನುವಾರ ಸಂಜೆ ಅದು ಕೆಂಪಾದ ಹಾಗೆ ಕಂಡು ಸಂಕೇತನನ್ನು ಕೂಗಿ ಕರೆದೆ. ಸೊಳ್ಳೆ ಕಡಿದಿದ್ದು ಎಂದು ಅವನು ಹೇಳಿದ. ಈ ಚಳಿಯಲ್ಲಿ ಯಾವ ಸೊಳ್ಳೆ ಎಂದು ಅವನ ಮೇಲೆ ಹರಿಹಾಯ್ದೆ.

ಮಂಗಳವಾರ ಡಾಕ್ಟರಮ್ಮ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಉಬ್ಬಿರಲಿಲ್ಲ. ಎಕ್ಸ್‌ರೇ, ರಕ್ತ ಎಲ್ಲ ಸರಿಯಿತ್ತು. ಸೋಂಕಲ್ಲ, ಮಾತ್ರೆ ಶುರು ಮಾಡೋಣ, ಇಂಥ ಎಷ್ಟೋ ಕಣ್ಣುಗಳಲ್ಲಿ ಕಾರಣವೇ ಸಿಗುವುದಿಲ್ಲ ಎಂದರು. ಅತ್ತೆ ನನ್ನ ಸೆರಗು ಹಿಡಿದರು.

“ನಾ ಏನ ತಪ್ಪ ಮಾಡೇನಿ ಅಂತ ಕೇಳ, ಸಂಧ್ಯಾ.”

ಕೇಳಿದೆ. ಏನೂ ತಪ್ಪು ಮಾಡಿಲ್ಲ, ಆದರೆ ಮೂರು ವಾರ ಮೊದಲೇ ಬಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಮೊದಲರ್ಧ ಮಾತ್ರ ಹೇಳಿದೆ.

ಮಾತ್ರೆಗೆ ಅತ್ತೆಯ ಮುಖ ಊದಿತು, ಸಕ್ಕರೆ ಏರಿತು, ನಿದ್ದೆ ಹಾರಿತು. ಬಲಗಣ್ಣು ಪೂರ್ತಿ ತಿಳಿಯಾಯಿತು. ಎಡಗಣ್ಣಿನ ನಟ್ಟನಡುವೆ ಒಂದು ಕಲೆ ಉಳಿಯಿತು. ಅದು ಹೋಗುವುದಿಲ್ಲ ಎಂದು ಮೆಲ್ಬರ್ನಿನ ಡಾಕ್ಟರು ಹೇಳಿದರು. ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಬೇಕು, ಇಳಿಸುವಾಗ ಕಾಯಿಲೆ ಮರಳಬಹುದು, ಮರಳಿದರೆ ಅದೇ ದಿನ ಬರಬೇಕು ಎಂದೂ ಎಚ್ಚರಿಸಿದರು.

ಅಂದು ರಾತ್ರಿ ಅತ್ತೆಯ ಪಕ್ಕ ಕೂತು, ನುಂಗಿಕೊಂಡಿದ್ದ ಉಳಿದರ್ಧವನ್ನೂ ಹೇಳಿಬಿಟ್ಟೆ. ಲಾಂಗ್ ವೀಕೆಂಡಿನ ತನಕ ಕಾಯಿಸಿದವಳು ನಾನೇ ಎಂದು ಕಣ್ಣೀರಿಟ್ಟೆ. ಮರುದಿನ ಪೂಜೆಯ ನಡುವೆ ಅತ್ತೆ ನನ್ನನ್ನು ಕರೆದು, ಅಂಗೈಯನ್ನು ನನ್ನ ಕಡೆ ಚಾಚಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರ ಲಿಂಗವನ್ನು ನಾನು ನೋಡಿದ್ದು ಅದೇ ಮೊದಲು.

“ನೀ ನೋಡಿ ಹೇಳ. ಆಮ್ಯಾಲೆ ನಾ ಹೇಳತೇನಿ.”

ಅಂದಿನಿಂದ ಅದು ದಿನಚರಿಯಾಯಿತು. ನಾನು ಕಪ್ಪು ಎನ್ನುವುದು, ಅವರು ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ನೋಡಿ ಕಪ್ಪು ಎನ್ನುವುದು, ಆಮೇಲೆ ಚಹಾ. ಮಾತ್ರೆ ಅರ್ಧಕ್ಕಿಳಿದ ವಾರ, ಒಂದು ಗುರುವಾರ, ನಾನು ಕಪ್ಪು ಎಂದೆ. ಅತ್ತೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

“ನನಗ ಬೆಳ್ಳಗ ಕಾಣತೈತಿ, ಸಂಧ್ಯಾ.”

ಒಲೆ ಆರಿಸಿ ಕಾರಿನ ಕೀಲಿ ತೆಗೆದುಕೊಂಡೆ. ಅತ್ತೆ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.