ಕೈಗೆ ಸಿಗದ ಅಂಚು

ಕಂಡಕ್ಟರ್ ಅಕ್ಕ ಒಂದು ಸಲ ಕೂಗಿದರೆ ಬಸ್ಸಿನ ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ದಡಬಡಿಸಿ ಎದ್ದು ಇಳಿಯುತ್ತಿದ್ದರು. ಅಂಥವಳು, ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ ನಾಚಿಕೆಗೆ ಮೂರು ತಿಂಗಳು ತುಟಿ ಬಿಚ್ಚಲಿಲ್ಲ. ಕಂಡುಹಿಡಿದವಳು ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆಯಲ್ಲಿದ್ದರೂ ಇಬ್ಬರದೂ ಎಣ್ಣೆ-ಸೀಗೆಕಾಯಿ. ಬಟ್ಟೆ ಒಗೆಯುವಾಗ ಕಲೆ ನೋಡಿದವಳು, ಏನೂ ಕೇಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಗರ್ಭಕೋಶದ ಬಾಯಿಂದ ತುಣುಕು ತೆಗೆದು ಪರೀಕ್ಷಿಸಿದಾಗ ಗರ್ಭಕೊರಳಿನ ಕ್ಯಾನ್ಸರ್ ಎಂದು ಬಂತು. ಡಾಕ್ಟರಮ್ಮ ಕೈಯಿಂದ ಪರೀಕ್ಷಿಸಿ, "ಗಡ್ಡೆ ಸಣ್ಣದು, ಗರ್ಭಕೊರಳು ದಾಟಿಲ್ಲ ಅನ್ಸುತ್ತೆ. ಆಪರೇಷನ್ ಮಾಡಿ ತೆಗೀಬಹುದು. ಅದಕ್ಕೂ ಮುಂಚೆ ಒಂದು ಎಂಆರ್‌ಐ ಆಗ್ಲಿ" ಎಂದರು.

"ಕಿತ್ತು ಬಿಸಾಕೋದಕ್ಕೆ ಫೋಟೋ ಯಾಕೆ?" ಎಂದಳು ಅಕ್ಕ.

"ಎಲ್ಲೀವರೆಗೆ ಹೋಗಿದೆ ಅಂತ ಗೊತ್ತಾಗ್ಬೇಕಲ್ಲ."

ಸ್ಕ್ಯಾನ್ ಕೋಣೆಯ ಹೊರಗೆ ಮೈಮೇಲಿನ ಲೋಹವನ್ನೆಲ್ಲ ಬಿಚ್ಚಬೇಕಿತ್ತು. ಒಂದು ಓಲೆಯ ತಿರುಪು ಜಪ್ಪಯ್ಯ ಅಂದರೂ ಬರಲಿಲ್ಲ. ಓರಗಿತ್ತಿ ಸೋಪು ಹಚ್ಚಿ ತಿರುಗಿಸತೊಡಗಿದಳು.

"ಕಿವೀನೇ ಕಿತ್ಕೊಂಡ್ ಹೋಗ್ತೀಯೇನೇ?"

"ಹದಿನೆಂಟು ವರ್ಷ ನನ್ ಮಾತು ಕೇಳದ ಕಿವಿ, ಇದ್ದರೆಷ್ಟು ಹೋದರೆಷ್ಟು!"

ಇಬ್ಬರೂ ನಕ್ಕರು. ನಕ್ಕದ್ದಕ್ಕೆ ಇಬ್ಬರಿಗೂ ಆಶ್ಚರ್ಯವಾಯಿತು.

ಕೊಳವೆಯೊಳಗೆ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಯಂತ್ರ ಮೊದಲು ಕುಟ್ಟಿತು, ಆಮೇಲೆ ಕಿರುಚಿತು. ಅಕ್ಕ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ತನ್ನ ರೂಟಿನ ಸ್ಟಾಪುಗಳನ್ನು ಒಂದೊಂದಾಗಿ ಕೂಗಿದಳು. ಎರಡು ಟ್ರಿಪ್ ಮುಗಿದು ಮೂರನೆಯದು ಅರ್ಧವಾಗುವಾಗ ಹಾಸಿಗೆ ಹೊರಗೆ ಸರಿಯಿತು.

ಮರುದಿನ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು. "ಇದು ಗರ್ಭಕೊರಳು. ಸುತ್ತ ಈ ಕಪ್ಪು ಗೆರೆ ಬಲಗಡೆ ಪೂರ್ತಿ ಇದೆ ನೋಡಿ. ಎಡಗಡೆ ಇಲ್ಲಿ ಅಳಿಸಿಹೋಗಿದೆ. ಗಡ್ಡೆ ಪಕ್ಕಕ್ಕೆ ನುಗ್ಗಿದೆ. ಎರಡನೇ ಹಂತ. ಅಕ್ಕಪಕ್ಕದ ಗ್ರಂಥಿಗಳಿಗೆ ಹರಡಿದ ಹಾಗೆ ಕಾಣ್ತಿಲ್ಲ, ಅದೊಂದು ಸಮಾಧಾನ. ಆಪರೇಷನ್ ಬೇಡ. ರೇಡಿಯೇಷನ್, ಜೊತೆಗೆ ಕೀಮೋ."

ಅಕ್ಕನ ದನಿ ಏರಿತು. "ಮೊನ್ನೆ ಸಣ್ಣದು ಅಂದ್ರಿ!"

"ಅಂದೆ. ನನ್ ಕೈಗೆ ಸಿಕ್ಕಿದ್ದು ಅಷ್ಟೇ. ಈಗ ಕುಯ್ದರೂ ಅಂಚಲ್ಲಿ ಉಳಿದುಬಿಡಬಹುದು, ಆಮೇಲೆ ರೇಡಿಯೇಷನ್ನೂ ಕೊಡ್ಬೇಕು. ಎರಡೆರಡು ಸಲ ನೋವು ತಿನ್ನೋದು ಯಾಕೆ?"

ಹೀಗೆ ನೇರವಾಗಿ ಒಪ್ಪಿಕೊಳ್ಳುವ ಡಾಕ್ಟರನ್ನು ಅವಳು ಕಂಡಿರಲಿಲ್ಲ. ಬಂದ ಕೋಪವನ್ನು ಎಲ್ಲಿಡುವುದೆಂದು ತಿಳಿಯದೆ ಕುಳಿತಳು. ಕಿತ್ತು ತೆಗೆದದ್ದು ಮಾತ್ರ ಹೋಯಿತೆಂದು ನಂಬುವ ಜಾಯಮಾನ ಅವಳದು.

"ಹಾಗಾದ್ರೆ ಒಳಗೇ ಇಟ್ಕೊಂಡು ಓಡಾಡೋದಾ?" ಎಂದಳು ಮೆಲ್ಲಗೆ.

"ಇದ್ದಲ್ಲೇ ಸುಡ್ತೀವಿ."

ಸುಮಾರು ಎಂಟು ವಾರ ಹಿಡಿಯಿತು. ಭೇದಿ, ವಾಕರಿಕೆ, ಎದ್ದು ಕೂರಲಾಗದ ಸುಸ್ತು. ಒಂದು ಬೆಳಿಗ್ಗೆ "ಇನ್ನು ಬರಲ್ಲ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಓರಗಿತ್ತಿ ಬೈಯಲಿಲ್ಲ, ಬೇಡಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ಹೊರಗೆ ಕುಳಿತಳು, ಬಾಗಿಲು ತೆರೆಯುವ ತನಕ.

ಚಿಕಿತ್ಸೆ ಮುಗಿದ ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್. ಹಳೆಯ ಚಿತ್ರ, ಹೊಸ ಚಿತ್ರ ಪರದೆಯ ಮೇಲೆ ಪಕ್ಕಪಕ್ಕ. "ಗಡ್ಡೆ ಕಾಣ್ತಿಲ್ಲ" ಎಂದರು ಡಾಕ್ಟರಮ್ಮ. "ಆದ್ರೂ ತಪ್ಪದೆ ಬಂದು ತೋರಿಸ್ಕೋಬೇಕು."

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ನನಗೆ ಎರಡೂ ಒಂದೇ ಬೂದಿ ಬಣ್ಣ."

"ನನಗೂ ಅಷ್ಟೇ" ಎಂದಳು ಓರಗಿತ್ತಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. "ನಾನು ನೋಡಿದ್ದು ಡಾಕ್ಟರಮ್ಮನ ಮುಖ. ಏಳು, ಹೋಗೋಣ."