ಇತರೆ

“ಕತ್ತೆತ್ತೇ ಮುಂಡೆ. ಗೋಡೆ ನೋಡು. ಅಲ್ಲಿ ಕೆಂಪಗೆ ಕಾಣ್ತಿರೋದು ಯಾರು, ನೀನಾ, ನಿನ್ನ ದೆವ್ವಾನಾ?”

ಮೇಸ್ತ್ರಿ ಕೈಯಲ್ಲಿದ್ದ ಕೋಲನ್ನು ಗೋಡೆಯ ದೊಡ್ಡ ಪರದೆಗೆ ತಾಗಿಸಿದ. ಪರದೆಯ ತುಂಬ ಊರಿನ ಬೀದಿಗಳು ಬಿಳಿ ಗೆರೆಗಳಾಗಿ ಹರಡಿದ್ದವು. ಗೆರೆಗಳ ಮೇಲೆ ಹನ್ನೊಂದು ಹಸಿರು ಚುಕ್ಕೆ, ಒಂದು ಕೆಂಪು ಚುಕ್ಕೆ. ಹಿಂದಿನ ದಿನದ ಲೆಕ್ಕ ಅದು. ಕಸ ಗುಡಿಸುವ ಹನ್ನೆರಡು ಹೆಂಗಸರು ಕಚೇರಿಯ ನೆಲದ ಮೇಲೆ ಕೂತಿದ್ದರು. ಅವರ ಹಿಂದೆ, ಲಾರಿಗೆ ಕಸ ತುಂಬುವ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಎದುರಿಗೆ ಮೇಜಿನಾಚೆ ಸಾಹೇಬ.

ದೊಡ್ಡಕ್ಕ ಕತ್ತೆತ್ತಲಿಲ್ಲ. ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಐವತ್ತೈದು ದಾಟಿದೆ, ಅದರಲ್ಲಿ ಮೂವತ್ತು ವರ್ಷ ಪೊರಕೆಯ ಜೊತೆಗೇ ಕಳೆದಿದೆ. ಕಾಲಿನ ಹೆಬ್ಬೆರಳಿನಿಂದ ನೆಲದ ಕಲ್ಲಿನ ಸಂದು ಕೆರೆಯುತ್ತ ಕೂತಳು.

“ಇಪ್ಪತ್ತೆರಡು ನಿಮಿಷ,” ಸಾಹೇಬ ಹೇಳಿದ. ಅವನು ಯಾವತ್ತೂ ದನಿ ಏರಿಸುವವನಲ್ಲ. “ಮುಚ್ಚಿರೋ ಗೋದಾಮಿನ ಹಿಂದೆ ಇಪ್ಪತ್ತೆರಡು ನಿಮಿಷ ನಿಂತಿದ್ದೀರಿ. ಅಲ್ಲಿ ಗುಡಿಸೋಕೆ ರಸ್ತೇನೇ ಇಲ್ಲ. ಏನ್ ಮಾಡ್ತಿದ್ರಿ ಅಂತ ಹೇಳಿದ್ರೆ ಮುಗೀತು. ಯಂತ್ರ ಸುಳ್ಳು ಹೇಳಲ್ಲಮ್ಮ.”

“ಹಳೇ ಕಬ್ಬಿಣ ಹೆಕ್ತಿದ್ಲೇನೋ,” ಎಂದ ಮೇಸ್ತ್ರಿ. “ಇಲ್ಲಾ ಯಾರನ್ನಾದ್ರೂ ಕರೆಸ್ಕೊಂಡಿದ್ಲಾ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿಯ ಕೋಲು ಪರದೆ ಬಿಟ್ಟು ಸಾಲಿನ ಕೊನೆಗೆ ತಿರುಗಿತು.

“ಏನೇ ಏಳನೇ ಕ್ಲಾಸು, ಲೀಡರು ನೀನು. ನೀನು ಹೇಳು.”

ಏಳನೇ ಕ್ಲಾಸು ಅನ್ನುವುದು ದೊಡ್ಡಕ್ಕನ ಓರಗಿತ್ತಿಗೆ ಗುಂಪಿನವರು ಇಟ್ಟ ಹೆಸರು. ಅಣ್ಣತಮ್ಮಂದಿರ ಹೆಂಡಿರು ಇಬ್ಬರೂ. ಒಂದೇ ಅಂಗಳದ ಎರಡು ಕೋಣೆಯಲ್ಲಿ ಇಬ್ಬರ ಸಂಸಾರ. ಹನ್ನೆರಡು ಜನರಲ್ಲಿ ಅಕ್ಷರ ಬರುವವಳು ಅವಳೊಬ್ಬಳೇ. ನಾಲ್ಕು ತಿಂಗಳ ಹಿಂದೆ ಕಚೇರಿಯವರು ಪ್ಲಾಸ್ಟಿಕ್ ಚೀಲದಲ್ಲಿ ಫೋನು ಹಾಕಿ, ದಾರ ಕಟ್ಟಿ, ಒಬ್ಬೊಬ್ಬಳ ಕೊರಳಿಗೂ ಒಂದೊಂದು ತೊಡಿಸಿದಾಗ, “ಹಸುಗೆ ಗಂಟೆ ಕಟ್ತಾರೆ, ನಮಗೆ ಇದು,” ಎಂದು ಗುಂಪಿನ ಕುಳ್ಳಿ ನಗಾಡಿದ್ದಳು. ಕುಳ್ಳಿಯ ಬಾಯಿಗೆ ಬೀಗವಿಲ್ಲ. “ಹಸು ಆದ್ರೂ ವಾಸಿ ಕಣ್ರೇ, ನಿಂತಲ್ಲೇ ಹೊಯ್ಯುತ್ತೆ, ಯಾರೂ ಯಾಕೆ ಅಂತ ಕೇಳಲ್ಲ.”

ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತರೆ ಚುಕ್ಕೆ ಕೆಂಪಾಗುತ್ತಿತ್ತು. ಆಗ ಲೀಡರಿನ ಫೋನಿಗೆ ಒಂದು ಪ್ರಶ್ನೆ ಬರುತ್ತಿತ್ತು: ಇವರು ಕೆಲಸದಲ್ಲಿದ್ದಾರೆಯೇ? ಕೆಳಗೆ ಎರಡು ಗುಂಡಿ. ಹೌದು, ಇಲ್ಲ. ಓದು ಬರುತ್ತದೆಂದು ಅವಳನ್ನೇ ಲೀಡರು ಮಾಡಿದರು. ಬೆಳಿಗ್ಗೆ ಎಲ್ಲರ ಮುಖದ ಫೋಟೋ ತೆಗೆಯುವುದು, ಗುಂಡಿ ಒತ್ತುವುದು ಅವಳ ಕೆಲಸ. ಅದರ ಬದಲಿಗೆ ಮೀನು ಮಾರುವ ಓಣಿ ಗುಡಿಸುವುದು ಅವಳಿಗೆ ತಪ್ಪಿತು. ಮೊದಲ ದಿನ ಅವಳು ಫೋನಿನ ಗಾಜನ್ನು ಬಟ್ಟೆಯಂಚಿನಿಂದ ಮೂರು ಸಲ ಒರೆಸಿದ್ದಳು. ಆ ಹೆಮ್ಮೆ ನೆನೆದರೆ ಆಮೇಲೆ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು.

ದೊಡ್ಡಕ್ಕನ ಚುಕ್ಕೆ ದಿನಕ್ಕೊಮ್ಮೆಯಾದರೂ ಕೆಂಪಾಗುತ್ತಿತ್ತು. ನಾಲ್ಕು ತಿಂಗಳೂ ಏಳನೇ ಕ್ಲಾಸು ಕಣ್ಣು ಮುಚ್ಚಿ ಹೌದು ಒತ್ತಿದಳು. ಕಳೆದ ವಾರ ಮೇಸ್ತ್ರಿ ಕರೆದು, “ನೆಂಟಸ್ತನ ಮನೇಲಿಟ್ಕೋ. ಸುಳ್ಳು ಒತ್ತೋ ಲೀಡರಿಗೆ ಫೋನೂ ಇಲ್ಲ, ಪೊರಕೇನೂ ಇಲ್ಲ,” ಎಂದಿದ್ದ. ನಿನ್ನೆ ಅವಳ ಬೆರಳು ಸ್ವಲ್ಪ ಹೊತ್ತು ಗಾಜಿನ ಮೇಲೆ ಸುಳಿದಾಡಿ, ಇಲ್ಲ ಒತ್ತಿತು.

ಈಗ ಇಡೀ ಕೋಣೆ ಅವಳ ಬಾಯಿ ನೋಡುತ್ತಿತ್ತು.

“ಒಂದಕ್ಕೆ ಕೂತಿದ್ರು ಸಾರ್.”

“ಒಂದಕ್ಕೆ ಇಪ್ಪತ್ತೆರಡು ನಿಮಿಷಾನಾ?” ಎಂದ ಮೇಸ್ತ್ರಿ. “ಕೆರೆ ತುಂಬಿಸ್ತಿದ್ಲಾ?”

ಈ ಸಲ ಹಿಂದಿದ್ದವರೆಲ್ಲ ನಕ್ಕರು. ಏಳನೇ ಕ್ಲಾಸಿಗೆ ಆ ನಗು ನಿಲ್ಲಬೇಕಿತ್ತು. ನಿಜ ಹೇಳಿದರೆ ನಿಲ್ಲುತ್ತದೆಂದು ತೋರಿತು. ಹೇಳಿಬಿಟ್ಟಳು.

“ಅವರಿಗೆ ಗರ್ಭ ಜಾರಿದೆ ಸಾರ್. ಕಸದ ಗಾಡಿ ಎತ್ತಿ ಎತ್ತಿ ಕೆಳಗಿಳಿದುಬಿಟ್ಟಿದೆ. ಕೂತ್ಕೊಂಡು ಕೈಯಲ್ಲಿ ಮೇಲಕ್ಕೆ ತಳ್ಕೋಬೇಕು, ಆಗ್ಲೇ ಉಚ್ಚೆ ಬರೋದು. ಅದಕ್ಕೇ ಹೊತ್ತಾಗುತ್ತೆ.”

ನಗು ನಿಂತಿತು. ಗಂಡಸರ ಕಣ್ಣೆಲ್ಲ ದೊಡ್ಡಕ್ಕನ ಮೇಲೆ, ಅವಳು ಕೂತ ಜಾಗದ ಮೇಲೆ ಬಿದ್ದವು. ದೊಡ್ಡಕ್ಕ ಬಟ್ಟೆಯನ್ನು ಮೊಣಕಾಲಿನ ಕೆಳಕ್ಕೆ ಎಳೆದುಕೊಂಡಳು. ಮತ್ತೆ ಎಳೆದುಕೊಂಡಳು. ತನ್ನ ಗಂಡುಮಕ್ಕಳಿಗೂ ಹೇಳದ ಮಾತು ಅದು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಗೋಡೆಗೆ ಒರಗಿ ಓರಗಿತ್ತಿಯ ಕಿವಿಯಲ್ಲಿ ಹೇಳಿದ್ದಳು.

ಸಾಹೇಬನ ಮುಖ ಕೆಂಪಗಾಯಿತು. ಅವನು ತನ್ನ ಫೋನಿನ ಕಡೆ ನೋಡಿದ. “ಇಂಥದ್ದನ್ನೆಲ್ಲ... ಕಾರಣ ಹಾಕೋಕೆ ಇದರಲ್ಲಿ ಜಾಗ ಇಲ್ಲ. ಏನೇನಿದೆ ಓದು.”

ಮೇಸ್ತ್ರಿ ಪರದೆ ನೋಡಿ ಓದಿದ. “ಊಟ, ಗಾಡಿ ದುರಸ್ತಿ, ಅಪಘಾತ, ಮಳೆ, ಇತರೆ.”

“ಇತರೆ ಹಾಕು. ಅರ್ಧ ದಿನದ ಹಾಜರಿ ತೆಗಿ. ಇನ್ನು ಮುಂದೆ ಮನೇಲೇ ಮುಗಿಸ್ಕೊಂಡು ಬರೋಕೆ ಹೇಳು.”

ಅಂದಿನಿಂದ ಲಾರಿಯವರ ಬಾಯಲ್ಲಿ ದೊಡ್ಡಕ್ಕನ ಹೆಸರು ಇತರೆ ಆಯಿತು. “ಇತರೆ ಬಂದ್ಲು ನೋಡ್ರೋ,” “ಇತರೆ ಕೆಳಗೆ ಬಿದ್ದೀತು, ಹುಷಾರು.” ಕಸದ ಬುಟ್ಟಿ ಲಾರಿಗೆ ಎತ್ತಿಕೊಡುವಾಗಲೂ ಅದೇ.

ಆ ದಿನ ಓರಗಿತ್ತಿಯರಿಬ್ಬರೂ ಮನೆಗೆ ಒಟ್ಟಿಗೇ ನಡೆದರು. ದೊಡ್ಡಕ್ಕ ಅಂಗಳದಲ್ಲಿ ಪಾತ್ರೆ ಹರವಿಕೊಂಡು ಕೂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಏಳನೇ ಕ್ಲಾಸು ಹೊಸ್ತಿಲಲ್ಲಿ ನಿಂತು ನೋಡಿದಳು. ಕೊನೆಗೆ ತಡೆಯಲಾಗದೆ ಹತ್ತಿರ ಹೋಗಿ ಕೂತಳು.

“ಅಕ್ಕಾ, ಇಲ್ಲ ಅಂತ ಒತ್ತಿದ್ದು ನಾನೇ.”

“ಗೊತ್ತು ಕಣೆ. ಇನ್ಯಾರು ಒತ್ತಬೇಕು, ಓದು ಬಂದವಳು ನೀನೊಬ್ಳೇ.”

“ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ.”

“ನಿನ್ನ ಹೊಟ್ಟೆಪಾಡು ನಿನಗೆ. ಅದಕ್ಕೆ ನಾನೇನೂ ಅನ್ನಲ್ಲ.” ದೊಡ್ಡಕ್ಕ ಪಾತ್ರೆ ಬೋರಲು ಹಾಕಿದಳು. “ಬಾಯಿ ಬಿಟ್ಟು ಯಾಕೆ ಹೇಳ್ದೆ? ಕಬ್ಬಿಣ ಕದ್ದೋಳು ಅಂತಿದ್ದ, ಅನ್ಲಿ. ಗಂಡಸು ಕರೆಸ್ಕೊಂಡ್ಲು ಅಂತಿದ್ದ, ಅನ್ಲಿ. ಕಳ್ಳಿ ಅನ್ನಿಸ್ಕೊಂಡು ಆದ್ರೂ ತಲೆ ಎತ್ತಿ ಓಡಾಡ್ತಿದ್ದೆ.”

ಏಳನೇ ಕ್ಲಾಸು ಕಾಲು ಹಿಡಿಯಲು ಬಾಗುವಷ್ಟರಲ್ಲಿ ದೊಡ್ಡಕ್ಕ ಆಗಲೇ ಎದ್ದು ಒಳಗೆ ಹೋಗಿದ್ದಳು.

ಮರುದಿನದಿಂದ ದೊಡ್ಡಕ್ಕ ನೀರು ಕುಡಿಯುವುದನ್ನು ಬಿಟ್ಟಳು. ಎದ್ದಾಗ ಬಾಯಿ ಮುಕ್ಕಳಿಸುವುದು, ಅಷ್ಟೇ. ಕೆಲಸ ಮುಗಿಸಿ ಮನೆ ಸೇರುವವರೆಗೆ ಒಂದು ಗುಟುಕೂ ಇಲ್ಲ. ಗೋದಾಮಿನ ಹಿಂದೆ ಅವಳು ಹೋಗುವ ಹಾಗೇ ಇರಲಿಲ್ಲ. ಲಾರಿಯವರು ಬೀಡಿ ಸೇದಲು ಈಗ ಅಲ್ಲೇ ನಿಲ್ಲುತ್ತಿದ್ದರು. ಅವಳಿಗೆ ಕೊಟ್ಟ ನಾಲ್ಕು ಬೀದಿಯ ಉದ್ದಕ್ಕೂ ಹೆಂಗಸೊಬ್ಬಳು ಕೂರಬಹುದಾದ ಬೇರೆ ಮರೆ ಇರಲಿಲ್ಲ. ಅಂಗಡಿಗಳಿದ್ದವು, ಒಂದು ಬ್ಯಾಂಕಿತ್ತು, ಹಲ್ಲಿನ ಡಾಕ್ಟರ ಷಾಪಿತ್ತು. ಪ್ರತಿಯೊಂದರ ಒಳಗೂ ಕಕ್ಕಸಿಗೊಂದು ಕೋಣೆಯಿತ್ತು. ಬಾಗಿಲ ಮುಂದಿನ ಕಸ ಅವಳದು. ಬಾಗಿಲ ಒಳಗೆ ಅವಳಿಗೇನೂ ಇರಲಿಲ್ಲ.

ದೊಡ್ಡಕ್ಕನ ಚುಕ್ಕೆ ಹಸಿರಾಗಿಯೇ ಓಡಾಡತೊಡಗಿತು. “ನೋಡಿದ್ಯಾ, ಒಂದ್ಸಲ ಉಗಿದ್ರೆ ರೋಗಾನೂ ವಾಸಿಯಾಗುತ್ತೆ,” ಎಂದ ಮೇಸ್ತ್ರಿ. ಏಳನೇ ಕ್ಲಾಸು ಬಾಟಲಿಯಲ್ಲಿ ನೀರು ಹಿಡಿದು ಅವಳ ಹಿಂದೆ ಸುತ್ತುತ್ತಿದ್ದಳು. ದೊಡ್ಡಕ್ಕ ತುಟಿಯನ್ನೂ ತಾಗಿಸುತ್ತಿರಲಿಲ್ಲ. ಅವಳ ತುಟಿ ಒಡೆದು ಬಿಳಿಚಿಕೊಂಡವು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಏಳನೇ ಕ್ಲಾಸಿನ ಕೊರಳಲ್ಲಿ ಫೋನು ಗುಂಯ್‌ಗುಟ್ಟಿತು. ದೊಡ್ಡಕ್ಕನ ಹನ್ನೊಂದನೇ ನಂಬರು, ಹಲ್ಲಿನ ಡಾಕ್ಟರ ಷಾಪಿನ ಮುಂದೆ. ಅವಳು ಗುಂಡಿಯನ್ನು ನೋಡಲಿಲ್ಲ. ಪೊರಕೆ ಎಸೆದು ಓಡಿದಳು.

ದೊಡ್ಡಕ್ಕ ತಳ್ಳುಗಾಡಿಯ ಹಿಡಿಗೆ ಜೋತುಬಿದ್ದು ಕುಕ್ಕರುಗಾಲಲ್ಲಿ ಕೂತಿದ್ದಳು. ಮೈ ಕೆಂಡ. ಹಲ್ಲು ಕಟಕಟ ಅನ್ನುತ್ತಿತ್ತು. ಹೊಟ್ಟೆಯ ಕೆಳಭಾಗ ಕೊಡದ ಹಾಗೆ ಗಟ್ಟಿಯಾಗಿ ಉಬ್ಬಿತ್ತು.

“ಬೆಳಿಗ್ಗೆಯಿಂದ ಆಗಿಲ್ಲ ಕಣೆ. ನಿನ್ನೆ ರಾತ್ರೀನೂ ಉರಿ, ಎರಡೇ ಹನಿ.”

“ನಡಿ, ಆಸ್ಪತ್ರೆಗೆ ಹೋಗೋಣ.”

“ಅಷ್ಟು ದೂರ ತಡೆಯಲ್ಲ. ಮೊದ್ಲು ಎಲ್ಲಾದ್ರೂ ಕೂರಿಸು ನನ್ನ. ಒಂದು ಬಾಗಿಲಿರೋ ಕಡೆ.”

ಏಳನೇ ಕ್ಲಾಸು ಹಲ್ಲಿನ ಡಾಕ್ಟರ ಷಾಪಿನ ಗಾಜಿನ ಬಾಗಿಲು ತಳ್ಳಿದಳು. ಒಳಗಿದ್ದ ಹುಡುಗಿ ಅವಳ ಕೆಲಸದ ಕಿತ್ತಳೆ ಮೇಲಂಗಿ ನೋಡಿ, “ಕಸ ಆಚೆ ಇಟ್ಟಿದ್ದೀವಿ,” ಎಂದು ಬಾಗಿಲು ಹಾಕಿಕೊಂಡಳು.

ಕಚೇರಿ ಎರಡು ಬೀದಿಯಾಚೆ ಇತ್ತು. ಏಳನೇ ಕ್ಲಾಸು ಗಾಡಿಯಲ್ಲಿದ್ದ ಕಸವನ್ನೆಲ್ಲ ಆ ಗಾಜಿನ ಬಾಗಿಲ ಮುಂದೆಯೇ ಸುರಿದಳು. ತನ್ನ ಕಿತ್ತಳೆ ಮೇಲಂಗಿ ಬಿಚ್ಚಿ ಗಾಡಿಯ ತಳಕ್ಕೆ ಹಾಸಿ, ದೊಡ್ಡಕ್ಕನನ್ನು ಎತ್ತಿ ಕೂರಿಸಿ ತಳ್ಳಿಕೊಂಡು ಹೊರಟಳು. ರಸ್ತೆಯ ಜನ ನಿಂತು ನೋಡಿದರು. ಒಬ್ಬ ಫೋನು ಎತ್ತಿ ಹಿಡಿದು ಚಿತ್ರ ತೆಗೆದ. ದೊಡ್ಡಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮಧ್ಯೆ ಕುಳ್ಳಿ ಸಿಕ್ಕಳು. ಏನು ಎತ್ತ ಕೇಳದೆ ಗಾಡಿಯ ಇನ್ನೊಂದು ಹಿಡಿಗೆ ಕೈ ಹಾಕಿದಳು.

ಕಚೇರಿಯ ಮುಂದೆ ನಾಲ್ಕು ಕಾರು ನಿಂತಿದ್ದವು. ಬೇರೆ ಊರಿನ ಅಧಿಕಾರಿಗಳು ಪರದೆ ನೋಡಲು ಬಂದಿದ್ದರು. ಕಿಟಕಿಯಿಂದ ಸಾಹೇಬನ ಮೆತ್ತನೆಯ ದನಿ ಕೇಳುತ್ತಿತ್ತು. “ಈಗ ಒಬ್ಬೊಬ್ಬರೂ ಎಲ್ಲಿದ್ದಾರೆ ಅಂತ ನಾವು ಕೂತಲ್ಲಿಂದಲೇ...”

ಒಳಗೆ ಓಣಿಯಂಥ ಕಿರುಹಾದಿಯ ಕೊನೆಯಲ್ಲಿತ್ತು ಸಾಹೇಬರ ಕಕ್ಕಸು. ಅದನ್ನು ದಿನವೂ ತೊಳೆಯುವವಳು ಕುಳ್ಳಿ. ಕೂರುವುದು ಬೇರೆಯವರು. ಗಾಡಿ ಓಣಿಯೊಳಕ್ಕೇ ನುಗ್ಗಿದಾಗ ಮೇಸ್ತ್ರಿ ಅಡ್ಡ ಬಂದ.

“ಏಯ್, ಏನಿದು ಶವಯಾತ್ರೆ? ಎಲ್ಲಿಗೆ?”

“ಒಂದಕ್ಕೆ.”

“ತಲೆ ಕೆಟ್ಟಿದ್ಯಾ? ದೊಡ್ಡವರೆಲ್ಲ ಬಂದಿದ್ದಾರೆ. ಹಿಂದೆ ಮೋರಿ ಹತ್ರ ಕರ್ಕೊಂಡ್ ಹೋಗು.”

“ಮೋರಿ ಹತ್ರ ಲಾರಿಯೋರು ನಿಂತಿದ್ದಾರೆ.”

“ನಿಂತ್ರೆ ನಿಂತ್ಕೊಳ್ಲಿ. ನೋಡದೇ ಇರೋದು ಏನಿದೆ ಇವಳದ್ದು? ನೀನೇ ಎಲ್ಲಾ ಹೇಳಿದ್ದೀಯಲ್ಲ.”

ಏಳನೇ ಕ್ಲಾಸಿಗೆ ಕಿವಿಯಲ್ಲಿ ಬಿಸಿನೀರು ಹೊಯ್ದ ಹಾಗಾಯಿತು. ಅವನು ಹೇಳಿದ್ದು ನಿಜ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಅವಳು ದೊಡ್ಡಕ್ಕನನ್ನು ಗಾಡಿಯಿಂದ ಇಳಿಸಿ, ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

“ಪಕ್ಕಕ್ಕೆ ಸರಿಯೋ ಬೋಳಿಮಗನೆ.”

ಮೇಸ್ತ್ರಿಗೆ ಕಿವಿ ನಂಬಲಾಗಲಿಲ್ಲ. ಅವನು ಕೋಲು ಎತ್ತುವಷ್ಟರಲ್ಲಿ ಕುಳ್ಳಿ ಖಾಲಿ ಗಾಡಿಯನ್ನು ಅವನ ಮೊಣಕಾಲಿಗೆ ನೂಕಿದಳು. ಗಾಡಿ ಅವನನ್ನು ಗೋಡೆಗೆ ಒತ್ತಿ ಸಿಕ್ಕಿಕೊಂಡಿತು. ಓರಗಿತ್ತಿಯರು ಒಳಗೆ ಹೋದರು. ಏಳನೇ ಕ್ಲಾಸು ಅಗುಳಿ ಹಾಕಿದಳು.

ಒಳಗೆ ಎಲ್ಲ ಬೆಳ್ಳಗಿತ್ತು. ಹೂವಿನದೋ ಸಾಬೂನಿನದೋ ವಾಸನೆ ಇತ್ತು. ಗೋಡೆಗೆ ಆಳುದ್ದದ ಕನ್ನಡಿ. ದೊಡ್ಡಕ್ಕ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ತಟ್ಟನೆ ಮುಖ ತಿರುಗಿಸಿದಳು. ಏಳನೇ ಕ್ಲಾಸು ಅವಳನ್ನು ಹಿಡಿದು ಕೂರಿಸಿ, ಬಟ್ಟೆ ಸರಿಸಿಕೊಟ್ಟಳು. ಆಮೇಲೆ ಇಬ್ಬರ ಕೊರಳಿನ ಫೋನನ್ನೂ ಬಿಚ್ಚಿ ಕೈತೊಳೆಯುವ ಬೋಗುಣಿಯಲ್ಲಿ ಹಾಕಿ ನಲ್ಲಿ ತಿರುಗಿಸಿದಳು. ನೀರು ಚೀಲದೊಳಕ್ಕೆ ನುಗ್ಗಿತು.

ಬಾಗಿಲು ದಬದಬ ಬಡಿಯಿತು. “ತೆಗೀರೇ ಸೂಳೆಮುಂಡೇರಾ.” ಅದರ ಹಿಂದೆ ಸಾಹೇಬನ ದನಿ. “ಏನು ಗಲಾಟೆ? ಬಂದಿರೋ ಸಾಹೇಬರು ಕೈ ತೊಳೀಬೇಕಂತೆ.” ಇನ್ನೂ ಹಿಂದೆ ಹೊಸ ದನಿಗಳು. ಬೂಟುಗಳ ಸದ್ದು. ಓಣಿ ತುಂಬಿತು.

ದೊಡ್ಡಕ್ಕ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಬಟ್ಟೆಯೊಳಗೆ ಕೈ ಇತ್ತು. ಹಣೆಯಿಂದ ಬೆವರು ಗಲ್ಲಕ್ಕಿಳಿಯುತ್ತಿತ್ತು.

“ಬರ್ತಿಲ್ಲ ಕಣೆ. ಅಷ್ಟೊಂದು ಗಂಡಸರು ಕೇಳಿಸ್ಕೊಳ್ತಿದ್ದಾರೆ.”

“ನಲ್ಲಿ ಸದ್ದಲ್ಲಿ ಏನೂ ಕೇಳ್ಸಲ್ಲ ಅಕ್ಕಾ.”

“ನಿನಗೆ ಕೇಳ್ಸುತ್ತಲ್ಲ.”

ಏಳನೇ ಕ್ಲಾಸು ತಿರುಗಿ ಬಾಗಿಲಿಗೆ ಮುಖ ಮಾಡಿ ನಿಂತು, ಎರಡೂ ಕಿವಿಗೆ ಬೆರಳು ತುರುಕಿದಳು. ಬಾಗಿಲು ಅವಳ ಹಣೆಗೆ ತಾಗಿ ಅದುರುತ್ತಿತ್ತು. ಅಗುಳಿಯ ಒಂದು ಮೊಳೆ ಸಡಿಲವಾಗುತ್ತಿರುವುದು ಕಣ್ಣೆದುರೇ ಕಾಣುತ್ತಿತ್ತು. ಅವಳು ಹೆಗಲು ಕೊಟ್ಟು ಒತ್ತಿದಳು.

“ಹೆಂಗಸರು ಒಳಗಿದ್ದಾರೆ,” ಎಂದು ಕೂಗಿದಳು. “ಕಾಯ್ರಿ.”

ಹೊರಗೆ ಒಂದು ಗಳಿಗೆ ಬಡಿತ ನಿಂತಿತು. ಮತ್ತೆ ಶುರುವಾಯಿತು. ಅವಳ ಬೆನ್ನ ಹಿಂದೆ ದೊಡ್ಡಕ್ಕ ಇನ್ನೂ ಮುಕ್ಕಿರಿಯುತ್ತಲೇ ಇದ್ದಳು. ಒಂದು ಹನಿಯೂ ಬಿದ್ದಿರಲಿಲ್ಲ.